ಒಂಬತ್ತು ವರ್ಷ ಕಂದಾಯ ಬೇಡ ಎಂದ ರಾಯ

ಕೃಷ್ಣದೇವರಾಯ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರುವುದು ಡಾ. ರಾಜ್‌ಕುಮಾರ್. 1970ರ ಆ ಸಿನಿಮಾ ಟಿವಿಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆಮೇಲೆ ತೆನಾಲಿ ರಾಮಕೃಷ್ಣನ ಕಥೆಗಳು, ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರಿದ ಬೀದಿ, ಮಹಾನವಮಿ ದಿಬ್ಬ. ಕಟ್ಟಿಸಿದ ಕೆರೆ ಎರಡು ಮೂರು ಸಲ ಒಡೆದುಹೋಗಿ ತಲೆ ಮೇಲೆ ಕೈ ಹೊತ್ತ ರಾಯನನ್ನು ಮಾತ್ರ ನಾವು ಯಾವ ಪಾಠದಲ್ಲೂ ಓದಿದ ನೆನಪಿಲ್ಲ. ಎಂಜಿನಿಯರಿಂಗ್ ಓದುವ ನಮಗೆ ಬೇಕಾಗಿರುವುದು ಆ ರಾಯನೇ ಅನ್ನಿಸಿ ಈ ಲೇಖನ ಬರೆಯಲು ಕೂತೆವು.

ಮೊದಲು ಜಾಗ ಹೇಳಿಬಿಡೋಣ. ಹೊಸಪೇಟೆಯಿಂದ ದಕ್ಷಿಣಕ್ಕೆ ಬಂದರೆ ಮರಿಯಮ್ಮನಹಳ್ಳಿ. ನಾಟಕದವರ ಊರು ಎಂದು ಹೆಸರಾದದ್ದು. ಆದರೆ ಇದು ನೀರಿನ ಕಥೆಗಳ ಊರೂ ಹೌದು. ಒಂದು ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು. ಆ ನೀರಿನಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನ ಬಂದು ನೆಲೆಸಿದ್ದು ಇಲ್ಲೇ. ಇನ್ನೊಂದು ಕಡೆ ಡಣಾಯಕನಕೆರೆ. ಹೆಸರೇ ಹೇಳುವ ಹಾಗೆ ವಿಜಯನಗರದ ಕಾಲದ ಯಾವನೋ ದಂಡನಾಯಕನ ಕೆರೆ. ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ನೀರು ನಿಲ್ಲಿಸಿದ್ದು. ಇನ್ನು ಹೊಸಪೇಟೆಯ ಮಗ್ಗುಲಲ್ಲೇ, ಸಂಡೂರು ಗುಡ್ಡಗಳ ಕಣಿವೆಯ ಬಾಯಿಗೆ ಅಡ್ಡಲಾಗಿ ಮಲಗಿರುವ ದೊಡ್ಡ ಏರಿಯೇ ರಾಯರ ಕೆರೆ. ದಕ್ಷಿಣದ ತಾಲೂಕುಗಳಿಗೆ ಹೋಗುವ ಹಳೆಯ ಹೆದ್ದಾರಿಯನ್ನು ಈ ಏರಿಯ ಮೇಲೆಯೇ ಹಾಯಿಸಿದ್ದರು. ಎಷ್ಟೋ ಜನ ಆ ದಾರಿಯಲ್ಲಿ ಓಡಾಡಿದ್ದಾರೆ, ಕೆಳಗಿರುವುದು ಒಂದು ಅಣೆಕಟ್ಟು ಅಂತ ಗೊತ್ತಿಲ್ಲದೆ. ನಾವೂ ಅವರಲ್ಲಿ ಸೇರಿದವರೇ.

ಈ ಏರಿ ಕಟ್ಟಿಸಿದ ಮನುಷ್ಯ ತುಳುವ ವಂಶದವನು. ತಂದೆ ನರಸನಾಯಕ, ತಾಯಿ ನಾಗಲಾದೇವಿ. ಅಣ್ಣ ವೀರನರಸಿಂಹ ತೀರಿಕೊಂಡ ಮೇಲೆ 1509ರಲ್ಲಿ ಪಟ್ಟಕ್ಕೆ ಬಂದ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ 1510ರ ಶಾಸನ ಇದೆ, ಪಟ್ಟಾಭಿಷೇಕದ ಹೊತ್ತಿನದು. ಅಲ್ಲಿಗೆ ಹೋದಾಗ ಸೆಲ್ಫಿ ತೆಗೆದು ಬರುವ ಬದಲು ಒಂದು ಸಲ ಆ ಕಲ್ಲಿನ ಮುಂದೆಯೂ ನಿಲ್ಲಿ.

ಸಿಂಹಾಸನ ಸಿಕ್ಕಿತು, ಆದರೆ ಸುತ್ತ ನೆಮ್ಮದಿ ಇರಲಿಲ್ಲ. ಉಮ್ಮತ್ತೂರಿನ ಪಾಳೆಯಗಾರ ತಿರುಗಿ ಬಿದ್ದಿದ್ದ. ಪೂರ್ವದ ಕೋಟೆಗಳು ಒರಿಸ್ಸಾದ ಗಜಪತಿಯ ಕೈಯಲ್ಲಿದ್ದವು. ಉತ್ತರದಲ್ಲಿ ಬಿಜಾಪುರ. ಹೊಸ ರಾಜ ಒಂದೇ ಸಲ ಎಲ್ಲ ಕಡೆ ನುಗ್ಗಲಿಲ್ಲ. ಸಾಳುವ ತಿಮ್ಮರಸು ಮಗ್ಗುಲಲ್ಲಿದ್ದ. ಮೊದಲು ಉಮ್ಮತ್ತೂರು, ಶಿವನಸಮುದ್ರ, ಶ್ರೀರಂಗಪಟ್ಟಣದ ಕಡೆಯ ಗದ್ದಲ ಮುಗಿಸಿದ. ಬೆನ್ನ ಹಿಂದೆ ಭಯ ಇಲ್ಲ ಅನ್ನಿಸಿದ ಮೇಲೆ 1513ರಲ್ಲಿ ಉದಯಗಿರಿಗೆ ಹೊರಟ. ಆ ಬೆಟ್ಟದ ಕೋಟೆಗೆ ಒಂದೂವರೆ ವರ್ಷದಷ್ಟು ಮುತ್ತಿಗೆ. ಮೇಲೆ ಹತ್ತಲು ದಾರಿಯೇ ಇಲ್ಲ ಅಂದಾಗ ಬಂಡೆ ಒಡೆಸಿ ದಾರಿ ಮಾಡಿಸಿದನಂತೆ. ಅಲ್ಲಿಂದ ತಂದ ಬಾಲಕೃಷ್ಣನಿಗಾಗಿ ಹಂಪಿಯಲ್ಲಿ 1515ರಲ್ಲಿ ಗುಡಿ ಎದ್ದಿತು. ಅದೇ ವರ್ಷ ಕೊಂಡವೀಡು. ಆಮೇಲೆ ಸಿಂಹಾಚಲದವರೆಗೆ ಹೋಗಿ ಗಜಪತಿಯ ಜೊತೆ ಸಂಧಿ, ಸಂಬಂಧ ಎಲ್ಲ ಆಯಿತು. ಯುದ್ಧದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾವು ಇಲ್ಲಿಗೇ ಬಿಟ್ಟು ನೀರಿಗೆ ಬರುತ್ತೇವೆ.

ಗೆದ್ದು ಬಂದ ರಾಜನಿಗೆ ಹೊಸ ಊರು ಕಟ್ಟುವ ಆಸೆ ಬಂತು. ಈಗಿನ ಹೊಸಪೇಟೆ ಇರುವ ಜಾಗದಲ್ಲೇ ಆ ಊರು ಎದ್ದಿತು. ನಾಗಲಾಪುರ ಅಂತ ಹೆಸರು. ಊರಿಗೆ ನೀರು ಬೇಕು, ಸುತ್ತಲಿನ ಬಯಲಿಗೆ ನೀರು ಬೇಕು. ಇಲ್ಲಿನ ಮಳೆ ನಂಬುವ ಹಾಗಿಲ್ಲ. ಬಂದರೆ ಒಂದೇ ರಾತ್ರಿ ಸುರಿದು ಹಳ್ಳ ಕೊಚ್ಚಿಕೊಂಡು ಹೋಗುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಮೋಡ ಮಾತ್ರ. ಹಾಗಾಗಿ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕೆರೆ ಕಟ್ಟಬೇಕು ಅಂತ ತೀರ್ಮಾನ ಆಯಿತು. ಗುಡ್ಡದ ಬುಡದಗುಂಟ ಮೂರು ಹರಿದಾರಿಗಿಂತ ಹೆಚ್ಚು ದೂರದಿಂದಲೂ ನೀರು ತರುವ ಯೋಜನೆ. ಅಡ್ಡ ಬಂದ ಒಂದು ಗುಡ್ಡವನ್ನೇ ಒಡೆಸಿದರು.

ಇದೆಲ್ಲ ನಮಗೆ ಗೊತ್ತಾಗಿರುವುದು ಇಬ್ಬರು ಪೋರ್ಚುಗೀಸರಿಂದ. 1520ರ ಸುಮಾರಿಗೆ ಬಂದ ದೊಮಿಂಗೊ ಪಾಯೆಸ್ ಕೆಲಸ ನಡೆಯುತ್ತಿದ್ದುದನ್ನು ಕಣ್ಣಾರೆ ನೋಡಿದ. ಸುಮಾರು 15 ವರ್ಷ ಬಿಟ್ಟು ಬಂದ ಫೆರ್ನಾವೊ ನೂನಿಜ್ ಕೇಳಿ ತಿಳಿದು ಬರೆದ. ಇಬ್ಬರ ಬರಹವನ್ನೂ 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಅವರು ಹೇಳುವ ಕೆರೆ ಇದೇ ಎಂದು ಗುರುತು ಹಿಡಿದವನೂ ಸೀವೆಲ್ಲೇ.

ಪಾಯೆಸ್ ಅಲ್ಲಿ 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುವುದನ್ನು ಕಂಡ. ನೆಲವೇ ಕಾಣದಷ್ಟು ಜನ. ಕೆಲಸವನ್ನು ರಾಜ ತನ್ನ ನಾಯಕರಿಗೆ ಪಾಲು ಹಾಕಿ ಕೊಟ್ಟಿದ್ದ. ಇಂತಿಷ್ಟು ಭಾಗ ಇಂಥವನದು, ಅವನ ಆಳುಗಳ ಜವಾಬ್ದಾರಿ ಅವನದೇ. ನಮ್ಮ ಗ್ರೂಪ್ ಪ್ರಾಜೆಕ್ಟುಗಳಲ್ಲಿ ನಾಲ್ಕು ಜನ ಸೇರಿ ಒಬ್ಬನೇ ಕೆಲಸ ಮಾಡುವುದನ್ನು ನೋಡಿದವರಿಗೆ ಈ ಪಾಲು ಹಂಚಿಕೆಯ ಬೆಲೆ ಗೊತ್ತಾಗುತ್ತದೆ. ಕೆರೆಯೊಳಗೆ ಕೆತ್ತನೆ ಮಾಡಿದ ಮೂರು ದೊಡ್ಡ ಕಂಬಗಳನ್ನೂ ಅವನು ನೋಡಿದ. ಅವು ತೂಬಿನ ಕಂಬಗಳು, ತೋಟಕ್ಕೂ ಗದ್ದೆಗೂ ನೀರು ಬಿಡುವ ವ್ಯವಸ್ಥೆ.

ಇಷ್ಟೆಲ್ಲ ಇದ್ದೂ ಕೆರೆ ನಿಲ್ಲಲಿಲ್ಲ. ಎರಡು ಮೂರು ಸಲ ಒಡೆಯಿತು.

ನೂನಿಜ್ ಹೇಳುವ ಕಥೆ ಇನ್ನೂ ಸ್ವಾರಸ್ಯ. ಇಷ್ಟು ದೊಡ್ಡ ಕೆಲಸ ಬಲ್ಲವರು ಬೇಕೆಂದು ರಾಜ ಗೋವೆಗೆ ಹೇಳಿ ಕಳಿಸಿದ. ಗೋವೆ ಆಗ ಪೋರ್ಚುಗೀಸರ ಕೈಗೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ಅಲ್ಲಿಂದ ಜೊವಾವೊ ದೆ ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿ ಬಂದ. ಜಾಗ ನೋಡಿ ಇದು ಆಗದ ಕೆಲಸ ಅಂತ ಅವನಿಗೆ ಅನ್ನಿಸಿತು. ಆದರೂ ರಾಜನ ಮುಂದೆ ಹಾಗೆನ್ನಲಾದೀತೇ, ಮಾಡುತ್ತೇನೆ ಅಂದ. ಬೇಕಾದಷ್ಟು ಸುಣ್ಣ ಮಾಡಿಸಿ ಅಂತ ಕೇಳಿದ. ರಾಜ ನಕ್ಕುಬಿಟ್ಟನಂತೆ. ಕಟ್ಟಡಕ್ಕೆ ಸುಣ್ಣ ಬಳಸುವುದು ಇಲ್ಲಿನವರಿಗೆ ಗೊತ್ತೇ ಇರಲಿಲ್ಲ ಅಂತ ನೂನಿಜ್ ಬರೆಯುತ್ತಾನೆ. ಇದನ್ನು ನಾವು ನಂಬುವುದಿಲ್ಲ. ಹಂಪಿಯ ಗೋಪುರಗಳ ಇಟ್ಟಿಗೆ ಗಾರೆ ನೋಡಿದವರು ಯಾರೂ ನಂಬಲಿಕ್ಕಿಲ್ಲ. ಆದರೆ ಕೆರೆಯ ಏರಿಗೆ ಸುಣ್ಣ ಅಂದರೆ ನಗು ಬಂದದ್ದು ಸಹಜ. ನಮ್ಮ ಕಡೆ ಏರಿ ಅಂದರೆ ಮಣ್ಣು, ಅದರ ನೀರಿನ ಮುಖಕ್ಕೆ ಕಲ್ಲಿನ ಹೊದಿಕೆ.

ಕಣಿವೆಗೆ ಬಂಡೆಗಳನ್ನು ಉರುಳಿಸಿದರು. ಹಗಲು ಹಾಕಿದ್ದು ರಾತ್ರಿ ಕುಸಿಯುತ್ತಿತ್ತು. ಸಿವಿಲ್ ಬ್ರಾಂಚಿನ ಗೆಳೆಯರನ್ನು ಕೇಳಿದರೆ ಏರಿ ಹೋಗುವ ದಾರಿಗಳನ್ನು ಬೆರಳು ಮಡಚಿ ಹೇಳುತ್ತಾರೆ. ಹೊಸ ಮಣ್ಣು ಸರಿಯಾಗಿ ದಮ್ಮಾಸು ಆಗದಿದ್ದರೆ ಕೂರುತ್ತದೆ, ಬಿರುಕು ಬಿಡುತ್ತದೆ. ಬುಡದಲ್ಲಿ ಜಿನುಗಿದ ನೀರು ಮಣ್ಣಿನ ಕಣಗಳನ್ನು ಹೊತ್ತು ಹೊರಗೆ ಬರುತ್ತಾ ಒಳಗೊಳಗೇ ಕೊಳವೆ ಕೊರೆಯುತ್ತದೆ. ಕೋಡಿ ಸಾಲದೆ ನೀರು ಏರಿಯ ತಲೆ ಮೇಲೆ ಹತ್ತಿದರೆ ಕಥೆ ಮುಗಿದ ಹಾಗೆ. ತೂಬಿನ ಕಲ್ಲಿಗೂ ಮಣ್ಣಿಗೂ ನಡುವಿನ ಸಂದಿ ಇನ್ನೊಂದು ಅಪಾಯ.

ವಿಜಯನಗರದವರಿಗೆ ಇದು ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಕಡಪದ ಕಡೆ ಪೋರುಮಾಮಿಳ್ಳದ ಕೆರೆಯ ಶಾಸನ 1369ರದು. ಕೃಷ್ಣದೇವರಾಯನಿಗಿಂತ ಒಂದೂವರೆ ಶತಮಾನ ಹಿಂದಿನದು. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. 1000 ಆಳುಗಳು, 100 ಗಾಡಿಗಳು, ಎರಡು ವರ್ಷದ ಕೆಲಸ. ಆ ಕಲ್ಲಿನಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಬರೆದಿದ್ದಾರೆ. ಏರಿಯಲ್ಲಿ ನೀರು ಜಿನುಗುವುದು ದೋಷ. ಚೌಳು ಮಣ್ಣು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇದ್ದರೂ ದೋಷ, ಜಗಳ ತಪ್ಪಿದ್ದಲ್ಲ. ಕೆರೆಯ ನಡುವೆ ದಿಬ್ಬ ಇರಬಾರದು. ಬರುವ ನೀರು ಕಡಿಮೆ ಇದ್ದು ಅಚ್ಚುಕಟ್ಟು ಜಾಸ್ತಿ ಆದರೆ ದೋಷ, ಮೂಗಿಗಿಂತ ಮೂಗುತಿ ಭಾರ. ನೀರು ಜಾಸ್ತಿ ಇದ್ದು ನೆಲ ಕಡಿಮೆ ಇದ್ದರೂ ದೋಷವೇ. ನಮ್ಮ ಸಿಸ್ಟಮ್ ಡಿಸೈನ್ ಕ್ಲಾಸಿನಲ್ಲಿ ಹೇಳುವ ಲೋಡು, ಕೆಪ್ಯಾಸಿಟಿ ಇದಕ್ಕಿಂತ ಬೇರೆಯೇನಲ್ಲ. ಇಷ್ಟು ತಿಳಿವಳಿಕೆ ಕಲ್ಲಿನಲ್ಲಿ ಕೆತ್ತಿದ್ದರೂ ರಾಯರ ಕೆರೆ ಒಡೆಯಿತು ಅನ್ನುವುದನ್ನು ಮರೆಯಬಾರದು. ಗೊತ್ತಿರುವುದು ಬೇರೆ, ಆ ಕಣಿವೆಯಲ್ಲಿ, ಆ ಮಣ್ಣಿನಲ್ಲಿ, ಅಷ್ಟು ದೊಡ್ಡದಾಗಿ ಮಾಡಿ ನಿಲ್ಲಿಸುವುದು ಬೇರೆ.

ಮುಂದೆ ನಡೆದದ್ದನ್ನು ಬಿಟ್ಟು ಹೋಗುವ ಮನಸ್ಸು ನಮಗೂ ಆಯಿತು, ಆದರೆ ಬಿಟ್ಟರೆ ಕಥೆ ಸುಳ್ಳಾಗುತ್ತದೆ. ರಾಜ ತಿಳಿದವರನ್ನು ಕರೆಸಿ ಕಾರಣ ಕೇಳಿದ. ದೇವರಿಗೆ ಬಲಿ ಬೇಕು ಅಂದರು. ಅರವತ್ತು ಜನರ ತಲೆ ಕಡಿಸಿದ, ಜೊತೆಗೆ ಕುದುರೆ, ಕೋಣಗಳು ಅಂತ ಪಾಯೆಸ್ ಬರೆಯುತ್ತಾನೆ. ಮರಣದಂಡನೆಗೆ ಗುರಿಯಾದ ಕೈದಿಗಳನ್ನು ತಂದು ಅಲ್ಲಿ ಕಡಿಸಿದ ಅಂತ ನೂನಿಜ್. ಪರದೇಶದವರು, ಬಣ್ಣ ಕಟ್ಟಿರಬಹುದು ಅನ್ನುವವರಿದ್ದಾರೆ. ಆದರೆ ಬೇರೆ ಬೇರೆ ಕಾಲದಲ್ಲಿ ಬಂದ ಇಬ್ಬರೂ ಇದನ್ನು ಹೇಳುತ್ತಾರೆ. ಕೆರೆಗೆ ಹಾರವಾದವರ ಹಾಡು ಕೇಳಿ ಬೆಳೆದ ನಾಡು ನಮ್ಮದು, ಹಾಗಾಗಿ ಇದು ನಮಗೆ ಪೂರ್ತಿ ಹೊಸದೂ ಅಲ್ಲ. ವೈಫಲ್ಯದ ಕಾರಣ ಮಣ್ಣಿನಲ್ಲಿ ಹುಡುಕುವ ಮೊದಲು ಕೈಲಾಗದವರ ತಲೆಗೆ ಕಟ್ಟುವ ಚಾಳಿ ಇವತ್ತಿನ ಕೆಲಸದ ಜಾಗಗಳಲ್ಲೂ ಇದೆ. ದೊಡ್ಡ ರಾಜ ಅಂತ ಇದನ್ನು ಮಾಫಿ ಮಾಡಲು ನಮಗೆ ಮನಸ್ಸಿಲ್ಲ.

ಕೊನೆಗೆ ಏರಿ ನಿಂತಿತು. ಅಗಲವಾಗಿ, ಎತ್ತರವಾಗಿ ಕಟ್ಟಿದರು. ನೀರು ಹೋಗಲು ದೊಡ್ಡ ದಾರಿಗಳನ್ನು ಇಟ್ಟರು, ಕೆಳಗೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಕೊಳವೆಗಳನ್ನು ಹಾಕಿದರು. ಕಾಲುವೆಗಳು ತೋಟ, ಗದ್ದೆಗಳ ಕಡೆ ಹೊರಟವು.

ಈಗ ನಾವು ಈ ಲೇಖನ ಬರೆಯಲು ಕಾರಣವಾದ ಸಂಗತಿ. ಇಷ್ಟು ಖರ್ಚು, ಇಷ್ಟು ಜನ, ಇಷ್ಟು ಸಲ ಒಡೆದದ್ದು. ಬೇರೆ ಯಾರಾದರೂ ಆಗಿದ್ದರೆ ಮೊದಲ ಬೆಳೆಗೇ ಕಂದಾಯ ಕೂರಿಸುತ್ತಿದ್ದರು. ಬೊಕ್ಕಸಕ್ಕೆ ಹಣವೂ ಬೇಕಿತ್ತು, 1520 ಅಂದರೆ ರಾಯಚೂರಿನ ದೊಡ್ಡ ಯುದ್ಧದ ವರ್ಷ. ಆದರೆ ಕೃಷ್ಣದೇವರಾಯ ಆ ನೀರು ಕುಡಿಯುವ ನೆಲವನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟ. ಅವರು ನೆಲ ಹದ ಮಾಡಿಕೊಳ್ಳುವವರೆಗೆ ಏನೂ ಕೊಡಬೇಕಾಗಿಲ್ಲ ಅಂತ.

ಒಂಬತ್ತು ವರ್ಷ ಯಾಕೆ ಬೇಕು ಅಂತ ಮೊದಲು ನಮಗೂ ಹೊಳೆಯಲಿಲ್ಲ. ನಮ್ಮಲ್ಲಿ ಒಕ್ಕಲುತನದ ಮನೆಯಿಂದ ಬಂದವರು ಬಿಡಿಸಿ ಹೇಳಿದರು. ಜೋಳ ಬೆಳೆಯುತ್ತಿದ್ದ ಮಳೆಯಾಶ್ರಿತ ಹೊಲ ರಾತ್ರಿ ಬೆಳಗಾಗುವುದರೊಳಗೆ ಗದ್ದೆ ಆಗುವುದಿಲ್ಲ. ನೆಲ ಮಟ್ಟ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೋಡಬೇಕು, ಹೆಚ್ಚಾದ ನೀರು ಬಸಿದು ಹೋಗಲು ದಾರಿ ಮಾಡಬೇಕು. ಎತ್ತು, ಬೀಜ, ಗೊಬ್ಬರಕ್ಕೆ ಕೈಯಲ್ಲಿ ದುಡ್ಡಿರಬೇಕು. ತೋಟ ಇಟ್ಟರೆ ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ನಡುವೆ ಒಂದು ಬರ ಬಂದರೆ ಎದ್ದು ನಿಲ್ಲುವಷ್ಟು ಕಾಳು ಹಗೇವಿನಲ್ಲಿರಬೇಕು. ಅಷ್ಟರಲ್ಲಿ ಏರಿಯೂ ಹಲವು ಮಳೆಗಾಲ ಕಂಡಿರುತ್ತದೆ. ಎಲ್ಲಿ ಜಿನುಗುತ್ತದೆ, ಎಲ್ಲಿ ಕುಸಿಯುತ್ತದೆ ಅಂತ ಗೊತ್ತಾಗಿ ತೇಪೆ ಹಾಕಿ ಆಗಿರುತ್ತದೆ. ಆಮೇಲೆ ಕಂದಾಯ. ನೂನಿಜ್ ಬರೆಯುವ ಹೊತ್ತಿಗೆ ಅದರಿಂದ 20,000 ಪರ್ದಾವೊ ಬರುತ್ತಿತ್ತು. ಪರ್ದಾವೊ ಅಂದರೆ ಪೋರ್ಚುಗೀಸರು ನಮ್ಮ ವರಹದಂಥ ಚಿನ್ನದ ನಾಣ್ಯಕ್ಕೆ ಹೇಳುತ್ತಿದ್ದ ಹೆಸರು.

ಇಲ್ಲಿ ನಮ್ಮದೊಂದು ಪುರಾಣ. ಒಂದು ಫೆಸ್ಟಿಗೆ ನಾವೇ ರಿಜಿಸ್ಟ್ರೇಷನ್ ಸೈಟ್ ಮಾಡಿದ್ದೆವು. ನಮ್ಮ ಕ್ಲಾಸಿನ ಮೂವತ್ತು ಜನ ಒತ್ತಿ ನೋಡಿದಾಗ ಚೆನ್ನಾಗಿಯೇ ಇತ್ತು. ಅಷ್ಟಕ್ಕೇ ಉಬ್ಬಿಹೋಗಿ ಸುತ್ತಲಿನ ಕಾಲೇಜುಗಳ ಗ್ರೂಪುಗಳಿಗೆಲ್ಲ ಒಂದೇ ಸಂಜೆ ಲಿಂಕ್ ಹಂಚಿದೆವು. ಬ್ಯಾಕಪ್ ಇರಲಿಲ್ಲ, ಲೋಡ್ ಟೆಸ್ಟ್ ಮಾಡಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಸೈಟ್ ಮಲಗಿತು, ದುಡ್ಡು ಕಟ್ಟಿದವರ ಪಟ್ಟಿಯೂ ಅರ್ಧ ಹೋಯಿತು. ಎರಡು ದಿನ ಫೋನಿನಲ್ಲಿ ಬೈಸಿಕೊಂಡು ಪಟ್ಟಿಯನ್ನು ಕೈಯಲ್ಲಿ ಬರೆದೆವು. ಕೋಡಿ ಇಲ್ಲದ ಕೆರೆ ಕಟ್ಟಿದ್ದೆವು ಅಂತ ಈಗ ಅರ್ಥವಾಗುತ್ತದೆ.

ರಾಯನಿಗೆ ಇದು ಒಂದು ಸಲದ ಔದಾರ್ಯ ಆಗಿರಲಿಲ್ಲ ಅನ್ನಲು ಅವನೇ ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದಾ ಇದೆ. ರಾಜನೀತಿ ಹೇಳುವ ಭಾಗದಲ್ಲಿ, ನಾಡು ಚಿಕ್ಕದಾಗಿದ್ದರೂ ಕೆರೆ ಕಾಲುವೆ ಕಟ್ಟಿಸಿ ಬಡ ರೈತನ ಮೇಲಿನ ತೆರಿಗೆ ಹಗುರ ಮಾಡಿದರೆ ಸಂಪತ್ತು ತಾನಾಗಿ ಬೆಳೆಯುತ್ತದೆ ಅನ್ನುವ ಅರ್ಥದ ಮಾತು ಬರುತ್ತದೆ. ರಾಜ್ಯ ದೊಡ್ಡದು ಮಾಡುವುದರಲ್ಲೇ ಅರ್ಧ ಆಯುಷ್ಯ ಕಳೆದವನು ಇದನ್ನು ಬರೆದ ಅನ್ನುವುದೇ ನಮಗೆ ವಿಶೇಷ ಅನ್ನಿಸಿತು.

1521ರಲ್ಲಿ ಬಸವಣ್ಣ ಕಾಲುವೆ ಬಂತು. ಇದು ರಾಯರ ಕೆರೆಯಂಥ ಆರ್ಭಟದ ಕೆಲಸ ಅಲ್ಲ. ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದವರು ಕಟ್ಟಿದ ಒಡ್ಡುಗಳು ತಗ್ಗು. ಹೊಳೆಯೊಳಗೆ ಮೊದಲೇ ಇರುವ ಬಂಡೆಗಳನ್ನೇ ಕಂಬ ಮಾಡಿಕೊಂಡು ನಡುವಿನ ಸಂದಿಗೆ ದೊಡ್ಡ ಕಲ್ಲು ಜೋಡಿಸುವುದು, ಬೇಕಾದ ಕಡೆ ಕಬ್ಬಿಣದ ಪಟ್ಟಿ ಬಿಗಿಯುವುದು. ಪ್ರವಾಹ ಬಂದರೆ ನೀರು ಮೇಲಿಂದ ಹಾರಿ ಹೋಗಲಿ ಅಂತ ಬಿಟ್ಟಿದ್ದಾರೆ. ಹೊಳೆಯ ಜೊತೆ ಕುಸ್ತಿ ಇಲ್ಲ. ನಾಲ್ಕು ಕಲ್ಲು ಕೊಚ್ಚಿ ಹೋದರೆ ಬೇಸಿಗೆಯಲ್ಲಿ ನಾಲ್ಕು ಕಲ್ಲು ಇಟ್ಟರಾಯಿತು, ಊರವರೇ ಮಾಡಬಹುದಾದ ರಿಪೇರಿ. ಕೆರೆ ಕಾಲುವೆಗಳ ದುರಸ್ತಿಗೆಂದೇ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕೆರೆಗೊಡಗಿ ಅಂತ ನಮ್ಮ ಶಾಸನಗಳಲ್ಲಿ ಹೆಸರೇ ಇದೆ. ಅಂದರೆ ಮೆಂಟೆನೆನ್ಸಿನ ದುಡ್ಡನ್ನು ಕಟ್ಟುವ ದಿನವೇ ತೆಗೆದಿಡುವ ಪದ್ಧತಿ.

ನೀರಿನ ವಿಷಯದಲ್ಲಿ ಇಷ್ಟು ತಾಳ್ಮೆ ಕಲಿತ ಮನುಷ್ಯ ಮನೆಯ ವಿಷಯದಲ್ಲಿ ಎಡವಿದ. ಬದುಕಿರುವಾಗಲೇ ಆರು ವರ್ಷದ ಮಗ ತಿರುಮಲನಿಗೆ 1524ರ ಸುಮಾರಿಗೆ ಪಟ್ಟ ಕಟ್ಟಿದ. ಹಬ್ಬ ತಿಂಗಳುಗಟ್ಟಲೆ ನಡೆಯಿತು. ಆ ಹಬ್ಬದ ನಡುವೆಯೇ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ವಿಷ ಹಾಕಿದರು ಅನ್ನುವ ಗುಮಾನಿ ತಿಮ್ಮರಸುವಿನ ಮಗನ ಮೇಲೆ ಬಂತು. ರಾಯ ಅಪ್ಪಾಜಿ ಅಂತ ಕರೆಯುತ್ತಿದ್ದ ಮುದುಕನನ್ನು ಸೆರೆಗೆ ಹಾಕಿಸಿ ಕಣ್ಣು ಕೀಳಿಸಿದ ಅಂತ ನೂನಿಜ್ ಬರೆಯುತ್ತಾನೆ. ಸಿನಿಮಾ ನೋಡಿದವರಿಗೆ ಪಂತುಲು ಅವರ ತಿಮ್ಮರಸು ನೆನಪಾಗಬಹುದು. ಹದಿನೈದು ವರ್ಷ ಆಡಳಿತದ ಭಾರ ಹೊತ್ತ ಮನುಷ್ಯ ಒಂದು ಗುಮಾನಿಗೆ ಹೋದ. ಅವನ ಜಾಗ ತುಂಬುವ ಇನ್ನೊಬ್ಬನನ್ನು ತಯಾರು ಮಾಡಿರಲಿಲ್ಲ.

ರಾಯ 1529ರಲ್ಲಿ ತೀರಿಕೊಂಡ. ಕೆರೆ 1520ರ ಆಸುಪಾಸಿನದು, ಅದಕ್ಕೆ ಒಂಬತ್ತು ಕೂಡಿಸಿ ನೋಡಿ. ಕಂದಾಯ ಬರುವ ಹೊತ್ತಿಗೆ ಅದನ್ನು ಬಿಟ್ಟುಕೊಟ್ಟವನು ಹೆಚ್ಚುಕಡಿಮೆ ಇರಲೇ ಇಲ್ಲ.

ಪಟ್ಟ ತಮ್ಮ ಅಚ್ಯುತರಾಯನಿಗೆ ಹೋಯಿತು. ಅಳಿಯ ರಾಮರಾಯನ ಬಣ ಬೇರೆ ಇತ್ತು. ಒಬ್ಬನ ಭುಜದ ಮೇಲೆ ನಿಂತಿದ್ದ ರಾಜ್ಯ ಅಲುಗಾಡಲು ಶುರುವಾಯಿತು. 36 ವರ್ಷ ಕಳೆದು 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ. ರಾಮರಾಯ ಹೋದ ಸುದ್ದಿಗೆ ಇಡೀ ದಂಡು ಚದುರಿತು. ನಗರ ಸುಟ್ಟು ಹೋಯಿತು.

ರಾಯರ ಕೆರೆಯಲ್ಲೂ ಈಗ ನೀರಿಲ್ಲ, ಏರಿ ಮಾತ್ರ ಇದೆ. ಅಷ್ಟು ರಕ್ತ, ಬೆವರು ಹರಿಸಿ ಕಟ್ಟಿದ್ದು ಒಣಗಿತು, ಸದ್ದಿಲ್ಲದೆ ಕಟ್ಟಿದ ಕಾಲುವೆ ಉಳಿಯಿತು. 1945ರಲ್ಲಿ ಶುರುವಾದ ತುಂಗಭದ್ರಾ ಡ್ಯಾಮು 1953ರ ಹೊತ್ತಿಗೆ ಎದ್ದು ನಿಂತಾಗ ಹೊಳೆಯ ಮೇಲ್ಭಾಗದ ಹಳೆಯ ಒಡ್ಡು ಹಿನ್ನೀರಿನಲ್ಲಿ ಮುಳುಗಿತು. ಆದರೂ ರಾಯ, ಬಸವಣ್ಣ ಕಾಲುವೆಗಳನ್ನು ಬಿಡಲಿಲ್ಲ, ಡ್ಯಾಮಿನಿಂದಲೇ ಅವುಗಳಿಗೆ ನೀರು ಕೊಟ್ಟರು.

2024ರ ಆಗಸ್ಟ್ 10ರ ರಾತ್ರಿ ಅದೇ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಹೊಳೆಯ ಪಾಲಾಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ತುಂಬಿದ್ದ ಜಲಾಶಯದಿಂದ ನೀರು ಹೋಗುವುದನ್ನು ಇಡೀ ಜಿಲ್ಲೆ ಟಿವಿಯಲ್ಲಿ ನೋಡಿತು. ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿ ವಾರದಲ್ಲಿ ನಿಲ್ಲಿಸಿದರು. ಅದನ್ನು ಇಳಿಸಿದ ದಿನ ನಮ್ಮ ಹಾಸ್ಟೆಲಿನಲ್ಲಿ ಕ್ರಿಕೆಟ್ ಮ್ಯಾಚಿಗಿಂತ ಜೋರು ಚಪ್ಪಾಳೆ ಬಿತ್ತು. ಆ ವಾರವೆಲ್ಲ ಊರಿನಿಂದ ಫೋನು ಬಂದರೆ ಒಂದೇ ಪ್ರಶ್ನೆ: ಭತ್ತಕ್ಕೆ ಕಾಲುವೆ ನೀರು ಸಿಗುತ್ತೋ ಇಲ್ವೋ.